ಬೆಳಗ್ಗೆ ಮೊದಲ ಸೆಲ್ಫ್‌ಗೆ ಹೆಡ್‌ನಿಂದ ಟಕಟಕ ಸದ್ದು: ಲಿಫ್ಟರ್ ಬದಲಿಸಲೇಬೇಕಾ?

ಚಿಂತಾಮಣಿ ಡೀಸೆಲ್:

ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಸ್ವಿಫ್ಟ್ ಡಿಸೈರ್, 1248 ಸಿಸಿ ಡಿಡಿಐಎಸ್ ಡೀಸೆಲ್ ಇಂಜಿನ್. ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಚಿಂತಾಮಣಿಯಿಂದ ಬೆಂಗಳೂರು, ಕೋಲಾರ ಕಡೆ ಬಾಡಿಗೆಗೆ ಓಡುತ್ತೆ. ರಾತ್ರಿ ಬಯಲಲ್ಲೇ ನಿಲ್ಲುತ್ತೆ.

ಮಾಗಿ ಚಳಿ ಹಿಡಿದ ಮೇಲೆ ಬೆಳಗ್ಗೆ ಮೊದಲ ಸಲ ಸೆಲ್ಫ್ ಹೊಡೆದಾಗ ಇಂಜಿನ್ ಮೇಲ್ಭಾಗದ ಹೆಡ್‌ನಿಂದ ಹೊಲಿಗೆ ಮಿಷನ್ ತರ ಟಕಟಕ ಅಂತ ತೆಳ್ಳನೆ ಸದ್ದು ಬರುತ್ತೆ. ಹದಿನೈದು ಇಪ್ಪತ್ತು ಸೆಕೆಂಡ್ ಇದ್ದು ನಿಲ್ಲುತ್ತೆ. ಆಮೇಲೆ ದಿನವಿಡೀ ಇಲ್ಲ. ಮಧ್ಯಾಹ್ನ ಎರಡು ಗಂಟೆ ನಿಲ್ಲಿಸಿ ತೆಗೆದರೂ ಇಲ್ಲ. ಕೆಲವು ದಿನ ಬೆಳಗ್ಗೆನೂ ಇರಲ್ಲ. ಈಚಿನ ಸರ್ವಿಸ್ ಆದ ಮೇಲೆ ಜಾಸ್ತಿ ಆಗಿದೆ. ಆಯಿಲ್ ಲ್ಯಾಂಪ್ ಸರಿಯಾಗಿ ಆರುತ್ತೆ, ಪಿಕಪ್, ಮೈಲೇಜ್ ಎರಡೂ ಹಾಗೇ ಇವೆ.

ಗ್ಯಾರೇಜಿನಲ್ಲಿ "ವಾಲ್ವ್ ಗ್ಯಾಪ್ ತುಂಬೋ ಲಿಫ್ಟರ್ ಎಲ್ಲಾ ಹೋಗಿದೆ, ಹೆಡ್ ಬಿಚ್ಚಿ ಪೂರ್ತಿ ಸೆಟ್ ಹಾಕಬೇಕು" ಅಂತಾರೆ. ಇನ್ನೊಬ್ಬರು "ಟ್ಯಾಪೆಟ್ ಅಡ್ಜಸ್ಟ್ ಮಾಡಿಸಿದ್ರೆ ಸಾಕು" ಅಂತಾರೆ. ಮತ್ತೊಬ್ಬರು "20ಡಬ್ಲ್ಯು-50 ದಪ್ಪ ಆಯಿಲ್ ಹಾಕಿ, ಸದ್ದು ಮುಚ್ಚುತ್ತೆ" ಅಂತಾರೆ. ಯಾವುದು ಸರಿ? ಟೈಮಿಂಗ್ ಚೈನ್ (ಕ್ಯಾಮ್ ತಿರುಗಿಸೋ ಚೈನ್) ಇರಬಹುದಾ ಅನ್ನೋ ಭಯನೂ ಇದೆ.

ಟ್ಯಾಪೆಟ್ ತುಮಕೂರು:

ಮೂರರಲ್ಲಿ ಯಾವುದನ್ನೂ ಈಗ ಮಾಡಿಸಬೇಡಿ ಅಣ್ಣ. ಎರಡನೆಯದಂತೂ ಆಗೋದೇ ಇಲ್ಲ. ಈ ಇಂಜಿನ್‌ನಲ್ಲಿ ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಸ್ಕ್ರೂನೂ ಇಲ್ಲ, ಶಿಮ್‌ಮೂ ಇಲ್ಲ. 16 ವಾಲ್ವ್, ವಾಲ್ವಿಗೊಂದರಂತೆ 16 ಹೈಡ್ರಾಲಿಕ್ ಲಿಫ್ಟರ್. ವಾಲ್ವ್ ಕಡೆಯ ಗ್ಯಾಪನ್ನು ಆಯಿಲೇ ಸರಿ ಮಾಡಿಕೊಳ್ಳುತ್ತೆ. ಅದು ಹೇಗೆ ಅಂತ ತಿಳಿದರೆ ನಿಮ್ಮ ಸದ್ದು ಯಾಕೆ ಕೆಲವು ದಿನ ಬಂದು ಕೆಲವು ದಿನ ಬರಲ್ಲ ಅನ್ನೋದೂ ತಿಳಿಯುತ್ತೆ.

ವಾಲ್ವ್ ಒತ್ತಿ ತೆರೆಯೋ ಕ್ಯಾಮ್ ಮತ್ತು ವಾಲ್ವ್ ಮಧ್ಯೆ ರೋಲರ್ ಇರೋ ಒಂದು ಫಿಂಗರ್ ಇದೆ. ಅದರ ಒಂದು ತುದಿ ವಾಲ್ವ್ ತಲೆಯ ಮೇಲೆ, ಇನ್ನೊಂದು ತುದಿ ಲಿಫ್ಟರ್ ತಲೆಯ ಮೇಲೆ ಕೂತಿರುತ್ತೆ. ಕ್ಯಾಮ್ ನಡುವಿನ ರೋಲರನ್ನು ಒತ್ತುತ್ತೆ. ಲಿಫ್ಟರ್ ಗಟ್ಟಿಯಾಗಿ ನಿಂತರೆ ಒತ್ತಿದ್ದೆಲ್ಲ ವಾಲ್ವಿಗೆ ಹೋಗುತ್ತೆ. ಲಿಫ್ಟರ್ ಕುಸಿದರೆ ಅಷ್ಟು ಗ್ಯಾಪ್ ಉಳಿಯುತ್ತೆ, ಕ್ಯಾಮ್ ಪ್ರತಿ ಸುತ್ತಿಗೂ ಆ ಗ್ಯಾಪ್ ದಾಟಿ ಬಂದು ಬಡಿಯುತ್ತೆ. ನೀವು ಕೇಳ್ತಿರೋದು ಆ ಬಡಿತ.

ಲಿಫ್ಟರ್ ಒಳಗೆ ಒಂದು ಪ್ಲಂಜರ್, ಅದರ ಕೆಳಗೆ ಸಣ್ಣ ಸ್ಪ್ರಿಂಗ್, ಮಧ್ಯೆ ಒಂದು ಚೆಕ್ ಬಾಲ್. ಕ್ಯಾಮ್‌ನ ದುಂಡು ಭಾಗ ಬಂದಾಗ ಭಾರ ಇರಲ್ಲ. ಸ್ಪ್ರಿಂಗ್ ಪ್ಲಂಜರನ್ನು ಮೇಲೆತ್ತಿ ಗ್ಯಾಪ್ ತುಂಬುತ್ತೆ, ಬಾಲ್ ತೆರೆದು ಆಯಿಲ್ ಕೆಳಗಿನ ಕೋಣೆಗೆ ಇಳಿಯುತ್ತೆ. ಕ್ಯಾಮ್‌ನ ಮೂಗು ಒತ್ತಿದ ತಕ್ಷಣ ಬಾಲ್ ಮುಚ್ಚುತ್ತೆ, ಒಳಗೆ ಸಿಕ್ಕ ಆಯಿಲ್‌ಗೆ ಹೋಗೋಕೆ ದಾರಿ ಇಲ್ಲದೆ ಕಬ್ಬಿಣದಷ್ಟೇ ಗಟ್ಟಿಯಾಗಿ ನಿಲ್ಲುತ್ತೆ. ಪೂರ್ತಿ ದಾರಿ ಇಲ್ಲ ಅಂತಲ್ಲ. ಪ್ಲಂಜರ್ ಮತ್ತು ಅದರ ಗೋಡೆ ಮಧ್ಯೆ ಕೆಲವೇ ಮೈಕ್ರಾನ್ ಸಂದಿ ಬೇಕಂತಲೇ ಬಿಟ್ಟಿರುತ್ತಾರೆ, ಅದರಲ್ಲಿ ತುಸು ಸೋರುತ್ತೆ. ವಾಲ್ವ್ ಕಾದು ಉದ್ದವಾದಾಗ ಲಿಫ್ಟರ್ ಅಷ್ಟು ಗಿಡ್ಡವಾಗಬೇಕಲ್ಲ, ಅದಕ್ಕೆ. ಆ ಸೋರಿಕೆ ಇಲ್ಲದಿದ್ದರೆ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರದೆ ಸುಟ್ಟು ಹೋಗುತ್ತಿತ್ತು.

ಈಗ ರಾತ್ರಿ ಏನಾಗುತ್ತೆ ನೋಡಿ. ಇಂಜಿನ್ ಆಫ್ ಮಾಡಿದಾಗ ಕ್ಯಾಮ್ ಎಲ್ಲೋ ಒಂದು ಕಡೆ ನಿಲ್ಲುತ್ತೆ. ಒಂದಷ್ಟು ವಾಲ್ವ್ ತೆರೆದೇ ಇರುತ್ತವೆ. ಅವುಗಳ ಸ್ಪ್ರಿಂಗ್ ಭಾರ ಬೆಳಗಾಗೋವರೆಗೂ ಆ ಲಿಫ್ಟರ್‌ಗಳನ್ನು ಒತ್ತುತ್ತಲೇ ಇರುತ್ತೆ, ಆಯಿಲ್ ಆ ಮೈಕ್ರಾನ್ ಸಂದಿಯಲ್ಲಿ ಮೆಲ್ಲಗೆ ಜಾರುತ್ತೆ. ಬೆಳಗ್ಗೆ ಆ ಕೆಲವು ಲಿಫ್ಟರ್ ಮಾತ್ರ ಕುಸಿದಿರುತ್ತವೆ. ಯಾವ ರಾತ್ರಿ ಕ್ಯಾಮ್ ಎಲ್ಲಿ ನಿಂತಿತು ಅನ್ನೋದರ ಮೇಲೆ ಸದ್ದು ಬೇರೆ ಬೇರೆ. ಅದಕ್ಕೇ ಕೆಲವು ದಿನ ಇರಲ್ಲ. ಮಧ್ಯಾಹ್ನ ಎರಡು ಗಂಟೆ ನಿಂತರೆ ಅಷ್ಟು ಸೋರೋಕೆ ಹೊತ್ತು ಸಾಲಲ್ಲ. ನಿಮ್ಮ ಗಾಡಿಯ ಲಕ್ಷಣ ಇದಕ್ಕೆ ಚೆನ್ನಾಗಿ ಹೊಂದುತ್ತೆ. ಲಿಫ್ಟರ್ "ಎಲ್ಲಾ ಹೋಗಿದ್ದರೆ" ಬಿಸಿಯಲ್ಲೂ ಸದ್ದು ಇರಬೇಕಿತ್ತು.

ಆದರೆ ಹದಿನೈದು ಇಪ್ಪತ್ತು ಸೆಕೆಂಡ್ ಜಾಸ್ತಿ. ನಾನು ನೋಡೋ ಲೆಕ್ಕ ಇದು: ಎರಡು ಮೂರು ಸೆಕೆಂಡ್ ಇದ್ದು ನಿಂತರೆ ತಲೆ ಕೆಡಿಸಿಕೊಳ್ಳೋದು ಬೇಡ, ಹೈಡ್ರಾಲಿಕ್ ಲಿಫ್ಟರ್ ಇರೋ ಯಾವ ಇಂಜಿನ್‌ನಲ್ಲೂ ಇರುತ್ತೆ. ಹತ್ತು ಸೆಕೆಂಡ್ ಮೀರಿದರೆ ಆಯಿಲ್ ಹೆಡ್‌ಗೆ ತಡವಾಗಿ ಹೋಗ್ತಿದೆ, ಇಲ್ಲಾ ಗಾಳಿ ಬೆರೆತು ಹೋಗ್ತಿದೆ. ಕೆಲವು ನಿಮಿಷ ಇದ್ದು ಇಂಜಿನ್ ಕಾದ ಮೇಲೆ ನಿಂತರೆ ಒಳಗೆ ಅಂಟು ಕಟ್ಟಿ ಪ್ಲಂಜರ್ ಅಥವಾ ಚೆಕ್ ಬಾಲ್ ಸಿಕ್ಕಿಕೊಳ್ತಿದೆ. ಪೂರ್ತಿ ಬಿಸಿಯಲ್ಲೂ ಒಂದೇ ಜಾಗದಿಂದ ಬರ್ತಿದ್ದರೆ ಮಾತ್ರ ಆ ಲಿಫ್ಟರ್, ಫಿಂಗರ್ ರೋಲರ್ ಅಥವಾ ಕ್ಯಾಮ್ ಮೂಗು ಸವೆದಿದೆ ಅಂತ ಬಿಚ್ಚಿ ನೋಡಬೇಕು. ತಣ್ಣಗಿದ್ದಾಗ ಇಲ್ಲದೆ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಮಾತ್ರ ಬಂದರೆ ಎಲ್ಲಕ್ಕಿಂತ ಕೆಟ್ಟದ್ದು. ಆಯಿಲ್ ಪ್ರೆಷರ್ ಬಿದ್ದಿದೆ ಅಂತ ಅರ್ಥ.

ಆಯಿಲ್ ಚೇಂಬರ್‌ನಿಂದ ಸ್ಟ್ರೈನರ್, ಪಂಪ್, ಫಿಲ್ಟರ್, ಬ್ಲಾಕ್ ದಾಟಿ ಕೊನೆಗೆ ಹೆಡ್. ದಾರಿಯಲ್ಲಿ ಎಲ್ಲಿ ತೊಂದರೆ ಆದರೂ ಮೊದಲು ಕೂಗೋದು ಕೊನೆಯಲ್ಲಿರೋ ಲಿಫ್ಟರ್. ಹಾಗಾಗಿ ಸರ್ವಿಸ್ ಆದ ಮೇಲೆ ಜಾಸ್ತಿ ಆಯ್ತು ಅಂದಿರಲ್ಲ, ನನ್ನ ಅನುಮಾನ ಪೂರ್ತಿ ಅಲ್ಲೇ. ಮೂರು ವಿಷಯ ನೋಡಿ ತಿಳಿಸಿ: ಬಿಲ್‌ನಲ್ಲಿ ಆಯಿಲ್ ಗ್ರೇಡ್ ಏನು, ಎಷ್ಟು ಲೀಟರ್ ಹಾಕಿದ್ದಾರೆ, ಗಾಡಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿದರೆ ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ಎಲ್ಲಿದೆ.

ಕೋಲಾರ ಕಾಮನ್‌ರೈಲ್:

ಮೇಲಿನವರು ಹೇಳಿದ್ದು ಸರಿ ಇದೆ. ಆದರೆ ಅದು ಲಿಫ್ಟರೇ ಅಂತ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಡೀಸೆಲ್‌ನಲ್ಲಿ ತಣ್ಣಗಿದ್ದಾಗ ಇದೇ ತರ ಸದ್ದು ಮಾಡೋದು ಇನ್ನೂ ನಾಲ್ಕೈದು ಇವೆ.

"ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ಟಕ್ ಅಂದರೆ ಅದು ವಾಲ್ವ್ ಸದ್ದು" ಅಂತ ಎಲ್ಲರೂ ಹೇಳ್ತಾರೆ. 850 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಕ್ಯಾಮ್ ನಿಮಿಷಕ್ಕೆ 425 ಸುತ್ತು, ಅಂದರೆ ಒಂದು ಲಿಫ್ಟರ್ ಸೆಕೆಂಡಿಗೆ ಸುಮಾರು 7 ಸಲ. ಲೆಕ್ಕ ಸರಿ, ತೀರ್ಮಾನ ತಪ್ಪು. ನಾಲ್ಕು ಸ್ಟ್ರೋಕ್ ಇಂಜಿನ್‌ನಲ್ಲಿ ಒಂದು ಸಿಲಿಂಡರ್ ಉರಿಯೋದೂ ಎರಡು ಸುತ್ತಿಗೊಂದು ಸಲ. ಒಂದು ಇಂಜೆಕ್ಟರ್ ಕೆಟ್ಟು ಬಡಿದರೆ ಅದೂ ಸೆಕೆಂಡಿಗೆ 7 ಸಲವೇ ಬಡಿಯುತ್ತೆ. ಬರೀ ಎಣಿಕೆಯಿಂದ ಬೇರೆ ಮಾಡೋಕಾಗಲ್ಲ.

ಬೇರೆ ಮಾಡೋ ದಾರಿ ಸ್ಕ್ಯಾನರ್. ಇಂಜೆಕ್ಟರ್ ಒಂದೊಂದಾಗಿ ಕಟ್ ಮಾಡೋ ಟೆಸ್ಟ್ ಇರೋ ಸ್ಕ್ಯಾನರಿನಿಂದ ಸದ್ದು ಬರ್ತಿರುವಾಗಲೇ ಒಂದೊಂದು ಸಿಲಿಂಡರ್ ನಿಲ್ಲಿಸಿ. ಒಂದನ್ನು ನಿಲ್ಲಿಸಿದಾಗ ಸದ್ದು ಹೋದರೆ ಅದು ಉರಿಯೋ ಸದ್ದು ಅಥವಾ ಆ ಸಿಲಿಂಡರಿನ ಬೇರಿಂಗ್. ಯಾವುದನ್ನು ನಿಲ್ಲಿಸಿದರೂ ಬದಲಾಗದಿದ್ದರೆ ವಾಲ್ವ್ ಕಡೆ. ಹಳೇ ಪಂಪಿನ ಡೀಸೆಲ್‌ಗಳಲ್ಲಿ ಮಾಡ್ತಿದ್ದ ಹಾಗೆ ಪೈಪ್ ನಟ್ ಸಡಿಲ ಮಾಡಿ ನೋಡಬೇಡಿ, ಯಾರಿಗೂ ಮಾಡೋಕೆ ಬಿಡಬೇಡಿ. ಎಲ್ಲಾ ಇಂಜೆಕ್ಟರ್‌ಗೂ ಡೀಸೆಲ್ ಹಂಚೋ ಕಾಮನ್ ರೈಲಿನಲ್ಲಿ ಸಾವಿರ ಬಾರ್‌ಗೂ ಹೆಚ್ಚು ಒತ್ತಡ ಇರುತ್ತೆ, ಆ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಓಡ್ತಿರೋ ಇಂಜಿನ್‌ನಲ್ಲಿ ಇಂಜೆಕ್ಟರ್ ಕನೆಕ್ಟರ್ ಕೈಯಲ್ಲಿ ಎಳೆಯೋದೂ ಬೇಡ, ಅಲ್ಲಿ ಬ್ಯಾಟರಿಗಿಂತ ಬಹಳ ಹೆಚ್ಚು ವೋಲ್ಟೇಜ್ ಇರುತ್ತೆ.

ಸ್ಕ್ಯಾನರ್ ಸಿಗೋ ಮೊದಲು ಕಣ್ಣಿಂದ ನೋಡಬಹುದಾದದ್ದು: ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದು ನಾಲ್ಕೂ ಇಂಜೆಕ್ಟರ್ ಬುಡ ನೋಡಿ. ಕಪ್ಪಗೆ ಡಾಂಬರಿನಂತೆ ಗಟ್ಟಿ ಕಟ್ಟಿದ್ದರೆ ಕೆಳಗಿನ ತಾಮ್ರದ ವಾಷರ್ ಸೋರ್ತಿದೆ. ಕಂಪ್ರೆಷನ್ ಹೊರಗೆ ಚಿಮ್ಮುವಾಗ ಚಕ್ ಚಕ್ ಅಂತ ಬರುತ್ತೆ, ಲಿಫ್ಟರ್ ಅಂತಲೇ ಮೋಸ ಮಾಡುತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಹಾಗೇ: ತಣ್ಣಗಿದ್ದಾಗ ಟಕ್ ಟಕ್, ಲೋಹ ಕಾದು ಹಿಗ್ಗಿದ ಮೇಲೆ ಸಂದಿ ಮುಚ್ಚಿಕೊಂಡು ನಿಲ್ಲುತ್ತೆ. ಅಲ್ಲಿ ಮಸಿ ಗುರುತು ಇರುತ್ತೆ.

ಆಮೇಲೆ ಜಾಗ. ಉದ್ದದ ಸ್ಕ್ರೂಡ್ರೈವರ್ ತುದಿ ಇಂಜಿನ್‌ಗೆ, ಹಿಡಿ ಕಿವಿಗೆ. ಬೆಲ್ಟ್ ಮತ್ತು ಫ್ಯಾನ್‌ನಿಂದ ಕೈ, ಟವೆಲ್ ದೂರ ಇರಲಿ. ಗೇರ್‌ಬಾಕ್ಸ್‌ಗೆ ಎದುರು ತುದಿಯ ಟೈಮಿಂಗ್ ಕವರ್ ಮೇಲೆ ಜೋರಾಗಿ ಕೇಳಿದರೆ ಚೈನ್ ಕಡೆ ನೋಡಬೇಕು. ಚೈನ್ ಸದ್ದಿನ ಗುಣವೇ ಬೇರೆ. ಬಿಡಿ ಬಿಡಿ ಟಕ್ ಅಲ್ಲ, ಗರಗರ ಅಂತ ಒಂದೇ ಸಮನೆ ಉಜ್ಜೋ ಸದ್ದು. ಅದರ ಟೆನ್ಷನರ್ ಕೂಡ ಆಯಿಲ್ ಪ್ರೆಷರ್‌ನಿಂದಲೇ ಕೆಲಸ ಮಾಡೋದರಿಂದ ಸ್ಟಾರ್ಟ್ ಆದ ಒಂದೆರಡು ಸೆಕೆಂಡ್ ಕೇಳಿಸಬಹುದು. ಪ್ರತಿ ದಿನ ಬಂದು, ದಿನೇ ದಿನೇ ಉದ್ದವಾಗ್ತಿದ್ದರೆ ಚೈನ್ ಸವೆದು ಉದ್ದ ಆಗಿದೆ, ಅಥವಾ ಟೆನ್ಷನರ್ ಸೋತಿದೆ. ಅದನ್ನು ಮುಂದೂಡಬೇಡಿ. ಚೈನ್ ಹಲ್ಲು ಹಾರಿದರೆ ಈ ಇಂಜಿನ್‌ನಲ್ಲಿ ವಾಲ್ವ್ ಪಿಸ್ಟನ್‌ಗೆ ತಗಲುತ್ತೆ. ಚೈನ್ ಇಲ್ಲದ ಕಡೆಯ ಕ್ಯಾಮ್ ತುದಿಯಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇದೆ, ಸವೆದರೆ ಅದೂ ಟಕಟಕ ಅನ್ನುತ್ತೆ.

ಚಳಿಯಲ್ಲಿ ಡೀಸೆಲ್ ಸ್ವಲ್ಪ ಗಡಸಾಗಿ ಬಡಿಯೋದು ಬೇರೆ ವಿಷಯ. ಸಿಲಿಂಡರ್ ತಣ್ಣಗಿದ್ದಾಗ ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳೋಕೆ ತಡ ಮಾಡುತ್ತೆ, ಅಷ್ಟರಲ್ಲಿ ಸೇರಿದ್ದೆಲ್ಲ ಒಟ್ಟಿಗೆ ಉರಿದು ದಪ್ಪನೆ ಸದ್ದು ಬರುತ್ತೆ. ಅದರ ಜೊತೆ ಬಿಳಿ ಹೊಗೆ, ನಡುಕ ಇದ್ದರೆ ಸಿಲಿಂಡರ್ ಬಿಸಿ ಮಾಡೋ ಗ್ಲೋ ಪ್ಲಗ್ ನೋಡಿ. ಕೀ ಆನ್ ಮಾಡಿ ಸುರುಳಿ ಗುರುತಿನ ಲ್ಯಾಂಪ್ ಆರಿದ ಮೇಲೆಯೇ ಸೆಲ್ಫ್ ಹೊಡೀರಿ.

ಚಿಂತಾಮಣಿ ಡೀಸೆಲ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಇಂಜೆಕ್ಟರ್ ಬುಡ ನಾಲ್ಕೂ ಒಣಗಿವೆ, ಮ್ಯಾನಿಫೋಲ್ಡ್ ಕಡೆ ಮಸಿ ಇಲ್ಲ. ಟೈಮಿಂಗ್ ಕವರ್ ಮೇಲೆ ಕೇಳಿದರೆ ಕಮ್ಮಿ, ಕ್ಯಾಮ್ ಕವರ್ ಮಧ್ಯಭಾಗದಲ್ಲಿ ಜಾಸ್ತಿ. ಹೊಗೆ ಇಲ್ಲ.

ಬಿಲ್‌ನಲ್ಲಿ 15ಡಬ್ಲ್ಯು-40 ಅಂತಿದೆ, 3.5 ಲೀಟರ್ ಕ್ಯಾನ್ ಪೂರ್ತಿ ಹಾಕಿದ್ದಾರೆ. ಡಿಪ್‌ಸ್ಟಿಕ್‌ನಲ್ಲಿ ಮ್ಯಾಕ್ಸ್ ಗುರುತಿಗಿಂತ ಒಂದು ಬೆರಳು ಮೇಲಿದೆ. ಫಿಲ್ಟರ್ ಬದಲಿಸಿದ್ದಾರೆ, ಆದರೆ ಯಾವ ಕಂಪನಿದು ಅಂತ ಬಿಲ್‌ನಲ್ಲಿಲ್ಲ. ನಮ್ಮ ಕಡೆ ಹಿಮ ಬೀಳಲ್ಲವಲ್ಲ, 5ಡಬ್ಲ್ಯು, 15ಡಬ್ಲ್ಯು ವ್ಯತ್ಯಾಸ ನಮಗೆ ಲೆಕ್ಕಕ್ಕೆ ಬರುತ್ತಾ? ಗ್ಯಾರೇಜಿನವರು ಇಲ್ಲ ಅಂತಾರೆ.

ಟ್ಯಾಪೆಟ್ ತುಮಕೂರು:

ಬರುತ್ತೆ. ಡಬ್ಲ್ಯುಗಿಂತ ಮೊದಲಿರೋ ಅಂಕಿಯ ಪರೀಕ್ಷೆ ನಡೆಯೋದು ಸೊನ್ನೆಗಿಂತ ಬಹಳ ಕೆಳಗೆ, ಅದು ನಿಜ. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯು ಆಯಿಲನ್ನು ಮೈನಸ್ 20ರಲ್ಲಿ ಕ್ರ್ಯಾಂಕ್ ಮಾಡಿ ನೋಡ್ತಾರೆ. ಚಿಂತಾಮಣಿಯಲ್ಲಾಗಲಿ ನಂದಿ ಬೆಟ್ಟದ ಮೇಲಾಗಲಿ ಅಷ್ಟು ಚಳಿ ಯಾವತ್ತೂ ಇಲ್ಲ. ಆದರೆ ಆಯಿಲ್ ಕಂಪನಿಯ ಡೇಟಾ ಶೀಟ್ ನೋಡಿ: 40 ಡಿಗ್ರಿಯಲ್ಲಿ ಸಾಮಾನ್ಯ 5ಡಬ್ಲ್ಯು-30 ಆಯಿಲ್ ಸುಮಾರು 65ರಿಂದ 70 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ), 15ಡಬ್ಲ್ಯು-40 ಸುಮಾರು 110, 20ಡಬ್ಲ್ಯು-50 ಸುಮಾರು 160ರ ಮೇಲೆ. 40 ಡಿಗ್ರಿಯಲ್ಲೇ ಇಷ್ಟು ಅಂತರ. ಹದಿನಾಲ್ಕು ಹದಿನೈದು ಡಿಗ್ರಿ ಇರೋ ಡಿಸೆಂಬರ್ ಬೆಳಗ್ಗೆ ಇದು ಇನ್ನೂ ಹಲವು ಪಟ್ಟು ದಪ್ಪ, ಅಂತರವೂ ಹಿಗ್ಗುತ್ತೆ. ಆ ದಪ್ಪ ಆಯಿಲ್ ಸ್ಟ್ರೈನರ್ ಮೂಲಕ ಎಳೆದು ಹೆಡ್‌ನ ಸಣ್ಣ ತೂತುಗಳವರೆಗೆ ತಳ್ಳೋಕೆ ಪಂಪ್‌ಗೆ ಹೊತ್ತು ಹಿಡಿಯುತ್ತೆ. ನಿಮ್ಮ ಹದಿನೈದು ಸೆಕೆಂಡಿನಲ್ಲಿ ಒಂದು ಪಾಲು ಅದೇ. 20ಡಬ್ಲ್ಯು-50 ಹಾಕಿದರೆ ಬಿಸಿಯಲ್ಲಿ ಇಂಜಿನ್ ಮೆತ್ತಗಾದಂತೆ ಕೇಳಿಸುತ್ತೆ, ಬೆಳಗಿನ ಒಣ ಓಟ ಇನ್ನೂ ಉದ್ದವಾಗುತ್ತೆ. ಕ್ಯಾಮ್ ಮತ್ತು ಟರ್ಬೊ ಸವೆಯೋದು ಆಗಲೇ.

ಇನ್ನೊಂದು ಪಾಲು ಲೆವೆಲ್. ಈ ಇಂಜಿನ್ ಫಿಲ್ಟರ್ ಸೇರಿ ಹಿಡಿಯೋದು ಮೂರು ಲೀಟರಿನ ಆಸುಪಾಸು. ಕ್ಯಾನ್ 3.5 ಲೀಟರಿಂದು ಅಂತ ಪೂರ್ತಿ ಸುರಿದರೆ ಹೀಗಾಗುತ್ತೆ. ಲೆವೆಲ್ ಮೀರಿದಾಗ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತೆ. ನೊರೆಯಲ್ಲಿರೋದು ಗಾಳಿ, ಗಾಳಿ ಒತ್ತಿದರೆ ಕುಗ್ಗುತ್ತೆ. ಅದು ಲಿಫ್ಟರಿನ ಕೋಣೆಗೆ ಸೇರಿದರೆ ಲಿಫ್ಟರ್ ಗಟ್ಟಿಯಾಗಿ ನಿಲ್ಲಲ್ಲ. ಲೆವೆಲ್ ಮಿನ್‌ಗಿಂತ ಕೆಳಗೆ ಹೋದರೂ ಪಂಪ್ ಗಾಳಿ ಎಳೆದು ಇದೇ ಕಥೆ. ಡೀಸೆಲ್ ಇಂಜಿನ್‌ನಲ್ಲಿ ಲೆವೆಲ್ ತಾನಾಗಿ ಏರ್ತಿದ್ದರೆ ಆಯಿಲ್‌ಗೆ ಡೀಸೆಲ್ ಬೆರೀತಿದೆ ಅಂತಲೂ ಇರುತ್ತೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಹೊಡೆದರೆ ಇಲ್ಲಿ ಹೇಳಿ. ನಿಮ್ಮದರಲ್ಲಿ ಬಿಲ್ಲೇ ಲೆಕ್ಕ ಕೊಡ್ತಿದೆ.

ಮಾಡಬೇಕಾದ್ದು: ಇಂಜಿನ್ ಬಿಸಿ ಮಾಡಿ, ಆಯಿಲ್ ಪೂರ್ತಿ ಇಳಿಸಿ, ಹತ್ತು ಹದಿನೈದು ನಿಮಿಷ ತೊಟ್ಟಿಕ್ಕೋಕೆ ಬಿಡಿ. ಡ್ರೈನ್ ಬೋಲ್ಟ್ ವಾಷರ್ ಹೊಸದು. ಫಿಲ್ಟರ್ ಒರಿಜಿನಲ್ಲೇ ಹಾಕಿಸಿ. ಇದು ಡಬ್ಬಿ ಫಿಲ್ಟರ್ ಅಲ್ಲ, ಹೌಸಿಂಗ್ ಒಳಗೆ ಕೂರೋ ಕಾಗದದ ಎಲಿಮೆಂಟ್. ಕೊಂಡಿ ಸರಿಯಾಗಿ ಕೂತಿದೆಯಾ, ಮುಚ್ಚಳದ ಓ-ರಿಂಗ್ ಹೊಸದಾ ಅಂತ ನಿಂತು ನೋಡಿ. ಅಳತೆ ಸರಿ ಇಲ್ಲದ ಎಲಿಮೆಂಟ್ ಹಾಕಿದರೆ ಆಯಿಲ್ ಕಾಗದದ ಮೂಲಕ ಹೋಗದೆ ಪಕ್ಕದಿಂದ ನುಗ್ಗುತ್ತೆ, ಕಸ ನೇರ ಲಿಫ್ಟರ್‌ಗೆ. ಮ್ಯಾನುಯಲ್‌ನಲ್ಲಿ ಹೇಳಿರೋ ಗ್ರೇಡ್, ಸಾಮಾನ್ಯವಾಗಿ 5ಡಬ್ಲ್ಯು-30 ಸಿಂಥೆಟಿಕ್, ಮೊದಲು ಎರಡೂ ಮುಕ್ಕಾಲು ಲೀಟರ್ ಹಾಕಿ, ಒಂದು ನಿಮಿಷ ಐಡ್ಲಿಂಗ್ ಓಡಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡ್ತಾ ಸ್ವಲ್ಪ ಸ್ವಲ್ಪ ಸೇರಿಸಿ. ಮಿನ್ ಮ್ಯಾಕ್ಸ್ ಮಧ್ಯದಿಂದ ಮುಕ್ಕಾಲಿಗೆ ಬಂದರೆ ಸಾಕು.

ಆಮೇಲೆ ಒಂದು ವಾರ ಬೆಳಗಿನ ಸದ್ದು ಫೋನಿನಲ್ಲಿ ರೆಕಾರ್ಡ್ ಮಾಡಿ. ಒಳಗಿರೋ ಗಾಳಿ ಹೊರಹೋಗೋಕೆ ಸ್ವಲ್ಪ ಹೊತ್ತು ಬೇಕು. ಇಂಜಿನ್ ಪೂರ್ತಿ ಕಾದ ಮೇಲೆ ಐಡ್ಲಿಂಗ್‌ನಿಂದ ಮೆಲ್ಲಗೆ 2500 ಆರ್‌ಪಿಎಂವರೆಗೆ ಅರ್ಧ ನಿಮಿಷದಲ್ಲಿ ಏರಿಸಿ, ಅರ್ಧ ನಿಮಿಷ ಐಡ್ಲಿಂಗ್‌ಗೆ ಬಿಡಿ. ಹತ್ತು ಸಲ ಹೀಗೆ ಮಾಡಿದರೆ ಲಿಫ್ಟರ್ ಒಳಗಿನ ಗಾಳಿ ಬಹುಪಾಲು ಹೋಗುತ್ತೆ. ತಣ್ಣಗಿದ್ದಾಗ ಸದ್ದು ನಿಲ್ಲಿಸೋಕೆ ಅಂತ ರೇಸ್ ಮಾಡೋದು ಮಾತ್ರ ಬೇಡವೇ ಬೇಡ, ಆಗ ಕ್ಯಾಮ್ ಮೇಲೆ ಆಯಿಲೇ ಇರಲ್ಲ.

ಗೌರಿಬಿದನೂರು ಮೇಸ್ತ್ರಿ:

ಆಯಿಲ್ ಬದಲಿಸುವಾಗ "ಒಂದು ಫ್ಲಶ್ ಹೊಡೆದುಬಿಡೋಣ" ಅಂತ ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಇಂಜಿನ್ ಓಡಿಸೋ ಅಭ್ಯಾಸ ನಮ್ಮ ಕಡೆ ಬಹಳ. ಒಪ್ಪಬೇಡಿ. ಡೀಸೆಲ್‌ಗೆ ಬೇರಿಂಗ್ ಹೊರೋ ಶಕ್ತಿ ಇಲ್ಲ. ಒಂದೂವರೆ ಲಕ್ಷ ಓಡಿದ ಇಂಜಿನ್ ಚೇಂಬರ್ ತಳದಲ್ಲಿ ಕೂತ ಕೆಸರು ಒಮ್ಮೆಲೇ ಎದ್ದು ಸ್ಟ್ರೈನರ್ ಜಾಲರಿಗೆ ಅಂಟುತ್ತೆ. ಬಂದದ್ದು ಲಿಫ್ಟರ್ ಸದ್ದಿಗೆ, ಹೋಗೋದು ಕ್ರ್ಯಾಂಕ್ ಬೇರಿಂಗ್. ಒಳಗೆ ಅಂಟು ಇದೆ ಅನ್ನಿಸಿದರೆ ಒಳ್ಳೇ ಆಯಿಲ್ ಹಾಕಿ 2000 ಕಿಲೋಮೀಟರಿಗೇ ಫಿಲ್ಟರ್ ಸಮೇತ ಬದಲಿಸಿ, ಇನ್ನೊಂದು ಸಲ ಹಾಗೇ ಮಾಡಿ. ಆಯಿಲ್‌ನಲ್ಲಿರೋ ಡಿಟರ್ಜೆಂಟ್ ನಿಧಾನವಾಗಿ ಕರಗಿಸುತ್ತೆ, ಕಸ ಫಿಲ್ಟರಿನಲ್ಲಿ ಸಿಕ್ಕುತ್ತೆ. ಖರ್ಚು ಸ್ವಲ್ಪ ಹೆಚ್ಚು, ಇಂಜಿನ್ ಉಳಿಯುತ್ತೆ.

ಎರಡನೆಯದು ರೇಡಿಯೇಟರ್. ಚಿಕ್ಕಬಳ್ಳಾಪುರ, ಕೋಲಾರದ ಬೋರ್‌ವೆಲ್ ನೀರು ಗಡಸು ಅಂತ ಎಲ್ಲರಿಗೂ ಗೊತ್ತು, ಆದರೂ ಕೂಲೆಂಟ್ ಕಡಿಮೆಯಾದಾಗ ಅದನ್ನೇ ಸುರೀತಾರೆ. ಒಳಗೆ ಸುಣ್ಣ ಕಟ್ಟಿ ಇಂಜಿನ್ ಬಿಸಿ ಏರುತ್ತೆ, ಆಯಿಲ್ ಸುಟ್ಟು ವಾರ್ನಿಶ್ ಆಗಿ ಲಿಫ್ಟರ್ ಪ್ಲಂಜರ್ ಸುತ್ತ ಕೂರುತ್ತೆ. ಕೆಲವೇ ಮೈಕ್ರಾನ್ ಸಂದಿ ಅಂದ ಮೇಲೆ ಅಲ್ಲಿ ಎಷ್ಟು ವಾರ್ನಿಶ್ ಬೇಕು ನೀವೇ ಹೇಳಿ. ಸಿದ್ಧ ಕೂಲೆಂಟ್ ಹಾಕಿ, ಇಲ್ಲಾ ಕಾನ್ಸಂಟ್ರೇಟ್ ತಂದು ಡಿಸ್ಟಿಲ್ಡ್ ವಾಟರ್ ಬೆರೆಸಿ.

ಆಯಿಲ್ ಬದಲಿಸಿದ ಮೇಲೂ ಸದ್ದು ಕಡಿಮೆ ಆಗದಿದ್ದರೆ ಬಿಚ್ಚೋ ಮೊದಲು ಪ್ರೆಷರ್ ಅಳೆಯಿರಿ. ಲ್ಯಾಂಪ್ ಆರಿತು ಅಂದರೆ ಪ್ರೆಷರ್ ಸರಿ ಇದೆ ಅಂತಲ್ಲ, ಆ ಸ್ವಿಚ್ ಅರ್ಧ ಬಾರ್‌ಗೇ ಆರುತ್ತೆ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಅಡಾಪ್ಟರ್ ಹಾಕಿ ಮೆಕ್ಯಾನಿಕಲ್ ಗೇಜ್ ಕಟ್ಟಬೇಕು. ಇಂಜಿನ್ ಪೂರ್ತಿ ಬಿಸಿ ಇದ್ದಾಗ ಐಡ್ಲಿಂಗ್‌ನಲ್ಲಿ 1 ಬಾರ್‌ಗಿಂತ ಕಡಿಮೆ ಇದ್ದರೆ ಲಿಫ್ಟರ್ ಬದಲಿಸಿ ಪ್ರಯೋಜನ ಇಲ್ಲ, ಪಂಪ್, ರಿಲೀಫ್ ವಾಲ್ವ್, ಬೇರಿಂಗ್ ಕಡೆ ಹೋಗಬೇಕು. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ 0.7 ಬಾರ್, ಏರಬೇಕು ಅನ್ನೋದು ಒರಟು ಲೆಕ್ಕ. ಖಚಿತ ಅಂಕಿ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿರುತ್ತೆ.

ಪ್ರೆಷರ್ ಸರಿ ಇದ್ದು, ಬಿಸಿಯಲ್ಲೂ ಸದ್ದು ಇದ್ದರೆ ಮಾತ್ರ ಬಿಚ್ಚಿ. ಇದರಲ್ಲಿ ಬರೀ ಕವರ್ ತೆಗೆದರೆ ಲಿಫ್ಟರ್ ಸಿಗಲ್ಲ. ಎರಡೂ ಕ್ಯಾಮ್‌ಶಾಫ್ಟ್ ಕೂತಿರೋ ಮೇಲಿನ ಹೌಸಿಂಗ್ ಪೂರ್ತಿ ಎತ್ತಬೇಕು. ಅದಕ್ಕೆ ಟೈಮಿಂಗ್ ಲಾಕ್ ಟೂಲ್ ಬೇಕೇ ಬೇಕು, ಬಣ್ಣದ ಗುರುತು ಹಾಕಿ ಬಿಚ್ಚೋ ಕೆಲಸ ಅಲ್ಲ. ಟೂಲ್ ಇಲ್ಲದ ಗ್ಯಾರೇಜಿಗೆ ಕೊಡಬೇಡಿ. ತೆಗೆದ ಲಿಫ್ಟರ್ ಮತ್ತು ಫಿಂಗರ್‌ಗಳನ್ನು ಮೊಟ್ಟೆ ಟ್ರೇನಲ್ಲಿ ಸಿಲಿಂಡರ್ ಪ್ರಕಾರ ನಂಬರ್ ಬರೆದು ನೆಟ್ಟಗೆ ನಿಲ್ಲಿಸಬೇಕು. ಹಳೇದನ್ನೇ ಮತ್ತೆ ಹಾಕೋದಾದರೆ ಅದದರ ಜಾಗಕ್ಕೇ ಹೋಗಬೇಕು, ಸವೆತ ಜೋಡಿಯಾಗಿ ಆಗಿರುತ್ತೆ.

ಪರೀಕ್ಷೆ ಸುಲಭ. ಆಯಿಲ್ ತುಂಬಿದ ಲಿಫ್ಟರ್ ಹೆಬ್ಬೆರಳಲ್ಲಿ ಬಲವಾಗಿ ಒತ್ತಿದರೆ ಕಲ್ಲಿನಂತಿರಬೇಕು. ಸ್ಪಂಜಿನ ಹಾಗೆ ಒಳಗೆ ಹೋಗಿ ಬಂದರೆ ಒಳಗೆ ಗಾಳಿ ಇದೆ ಅಥವಾ ಚೆಕ್ ಬಾಲ್ ಕೂರ್ತಿಲ್ಲ. ಶುದ್ಧ ಇಂಜಿನ್ ಆಯಿಲ್‌ನಲ್ಲಿ ಮುಳುಗಿಸಿ, ತೆಳುವಾದ ತಂತಿ ಮೇಲಿನ ತೂತಿನಿಂದ ಬಿಟ್ಟು ಬಾಲನ್ನು ಮೆಲ್ಲಗೆ ಒತ್ತಿ ಹಿಡಿದು ಪ್ಲಂಜರ್ ಏರಿಸಿ ಇಳಿಸಿ. ಗುಳ್ಳೆ ಬರೋದು ನಿಂತ ಮೇಲೆ ತಂತಿ ತೆಗೆದು ಮತ್ತೆ ಒತ್ತಿ. ಆಗಲೂ ಮೆತ್ತಗಿದ್ದರೆ ಆ ಲಿಫ್ಟರ್ ಬಿಸಾಡಿ. ಜೊತೆಗೆ ಫಿಂಗರ್ ರೋಲರ್ ಉಗುರಲ್ಲಿ ತಿರುಗಿಸಿ ಆಟ ಇದೆಯಾ, ಕ್ಯಾಮ್ ಮೂಗಿನ ಮೇಲೆ ಗುಳಿ ಬಿದ್ದಿದೆಯಾ ನೋಡಬೇಕು. ರೋಲರ್ ಸತ್ತಿದ್ದರೆ ಹೊಸ ಲಿಫ್ಟರ್ ಹಾಕಿಯೂ ಸದ್ದು ಹೋಗಲ್ಲ, ಮತ್ತೆ ಬಿಚ್ಚಬೇಕಾಗುತ್ತೆ.

ಹಾಕಿದ ಮೇಲೆ ಆತುರ ಬೇಡ. ತುಂಬಿದ ಲಿಫ್ಟರ್‌ಗಳು ಎತ್ತರ ನಿಂತಿರುತ್ತವೆ, ವಾಲ್ವ್ ಪೂರ್ತಿ ಮುಚ್ಚಿರಲ್ಲ. ಅರ್ಧ ಗಂಟೆ ಬಿಟ್ಟು, ಕ್ರ್ಯಾಂಕನ್ನು ಸ್ಪ್ಯಾನರಿನಲ್ಲಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ಕಾಯಿರಿ. ಆಮೇಲೆ ಇಂಜೆಕ್ಷನ್ ಫ್ಯೂಸ್ ತೆಗೆದು ಹತ್ತು ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆದು, ಲ್ಯಾಂಪ್ ಆರಿದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ.

ಶಿರಾ ರೋಡ್ ಬುಲೆಟ್:

ಇದೇ ಎಳೆಯಲ್ಲಿ ಕೇಳ್ತೀನಿ. ಹಳೇ ಯುಸಿಇ ಇಂಜಿನ್‌ನ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರೋದು) ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೂ ಇದೇ ಮಾತಾ? ಮನೆಯಲ್ಲಿ ಸಿಎನ್‌ಜಿ ಹಾಕಿಸಿದ ವ್ಯಾಗನ್ ಆರ್ ಕೂಡ ಇದೆ, ಅದು ಸ್ವಲ್ಪವೂ ಸದ್ದು ಮಾಡಲ್ಲ, ಹಾಗಾದರೆ ಅದರ ಟ್ಯಾಪೆಟ್ ಚೆನ್ನಾಗಿದೆ ಅಂತ ತಾನೇ?

ಟ್ಯಾಪೆಟ್ ತುಮಕೂರು:

ಯುಸಿಇಗೆ ಹೌದು. ಅದರಲ್ಲೂ ಹೈಡ್ರಾಲಿಕ್ ಲಿಫ್ಟರೇ, ಎರಡು ವಾಲ್ವಿಗೆ ಎರಡು, ಪುಶ್‌ರಾಡ್ ಕೆಳಗೆ. 15ಡಬ್ಲ್ಯು-50 ಬಿಟ್ಟು ಬೇರೆ ಹಾಕಬೇಡಿ, ಲೆವೆಲ್ ಕಿಟಕಿಯಲ್ಲಿ ನೋಡುವಾಗ ಗಾಡಿ ನೆಟ್ಟಗೆ ಇರಲಿ. ಈಚಿನ ಜೆ ಸೀರೀಸ್ 350ರಲ್ಲಿ ಹೈಡ್ರಾಲಿಕ್ ಇಲ್ಲ, ಅದಕ್ಕೆ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಹಾಕಿ ಅಡ್ಜಸ್ಟ್ ಮಾಡಬೇಕು.

ವ್ಯಾಗನ್ ಆರ್ ವಿಷಯದಲ್ಲಿ ದಯವಿಟ್ಟು ಗಮನ ಕೊಡಿ. ಅದರ ಕೆ10 ಇಂಜಿನ್‌ನಲ್ಲಿ ಇರೋದು ಗಟ್ಟಿ ಬಕೆಟ್ ಟ್ಯಾಪೆಟ್ (ಬಟ್ಟಲಿನಂಥ ಲೋಹದ ತುಂಡು), ಗ್ಯಾಪ್ ತಾನಾಗಿ ಸರಿಯಾಗಲ್ಲ. ಸಿಎನ್‌ಜಿ ಒಣ ಇಂಧನ. ಎಕ್ಸಾಸ್ಟ್ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲಕ್ಕೆ ಏರುತ್ತೆ, ಗ್ಯಾಪ್ ಕಡಿಮೆಯಾಗ್ತಾ ಬರುತ್ತೆ. ಗ್ಯಾಪ್ ಕಡಿಮೆಯಾದಷ್ಟೂ ಇಂಜಿನ್ ಮೌನ. ಗ್ಯಾಪ್ ಸೊನ್ನೆಯಾದ ದಿನ ವಾಲ್ವ್ ಸೀಟಿಗೆ ಕೂರಲ್ಲ, ಶಾಖ ಬಿಡಲ್ಲ, ಅಂಚು ಸುಟ್ಟು ಕಂಪ್ರೆಷನ್ ಹೋಗುತ್ತೆ. ಗ್ಯಾಸ್‌ನಲ್ಲಿ ಬೆಳಗ್ಗೆ ಸ್ಟಾರ್ಟ್ ತಡ, ಐಡ್ಲಿಂಗ್‌ನಲ್ಲಿ ನಡುಕ ಬಂದಿದ್ದರೆ ಆಗಲೇ ಶುರುವಾಗಿದೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಕ್ಯಾಮ್ ಮೂಗು ಟ್ಯಾಪೆಟ್‌ಗೆ ಎದುರು ದಿಕ್ಕಿಗೆ ಬರೋ ಹಾಗೆ ತಿರುಗಿಸಿ ಒಂದೊಂದು ವಾಲ್ವ್ ಗ್ಯಾಪ್ ಅಳೆಸಿ, ಮ್ಯಾನುಯಲ್ ಅಂಕಿಗೆ ಹೋಲಿಸಿ. ಬದಲಿಸೋ ಲೆಕ್ಕ ಹೀಗೆ: ಹೊಸ ಬಕೆಟ್ ದಪ್ಪ ಅಂದರೆ ಹಳೇ ಬಕೆಟ್ ದಪ್ಪಕ್ಕೆ ಅಳೆದ ಗ್ಯಾಪ್ ಕೂಡಿಸಿ, ಇರಬೇಕಾದ ಗ್ಯಾಪ್ ಕಳೆಯಬೇಕು. ಉದಾಹರಣೆಗೆ ಹಳೇದು 3.10 ಮಿ.ಮೀ., ಗ್ಯಾಪ್ ಸಿಕ್ಕಿದ್ದು 0.10, ಬೇಕಾದ್ದು 0.30 ಆದರೆ ಹೊಸದು 2.90.

ಚಿಂತಾಮಣಿ ಡೀಸೆಲ್:

ಸರ್, ಡಿಪ್‌ಸ್ಟಿಕ್‌ನಲ್ಲಿ ಡೀಸೆಲ್ ವಾಸನೆ ಇಲ್ಲ. ಒರಿಜಿನಲ್ ಫಿಲ್ಟರ್ ಬರೋಕೆ ಎರಡು ದಿನ ಅಂದಿದ್ದಾರೆ. ಅಲ್ಲಿಯವರೆಗೆ ಬಾಡಿಗೆ ಓಡಿಸಬಹುದಾ?

ಗೌರಿಬಿದನೂರು ಮೇಸ್ತ್ರಿ:

ಮೊದಲು ಹೆಚ್ಚಿರೋ ಆಯಿಲ್ ತೆಗೆಸಿ. ಡಿಪ್‌ಸ್ಟಿಕ್ ಪೈಪಿಗೆ ಸಣ್ಣ ನಳಿಕೆ ಇಳಿಸಿ ದೊಡ್ಡ ಸಿರಿಂಜ್‌ನಲ್ಲಿ ಎಳೆದರೆ ಐದು ನಿಮಿಷದ ಕೆಲಸ, ಚೇಂಬರ್ ಬೋಲ್ಟ್ ಬಿಚ್ಚೋದೇ ಬೇಡ. ಮ್ಯಾಕ್ಸ್ ಗುರುತಿಗಿಂತ ಕೆಳಗೆ ಬಂದ ಮೇಲೆ ಎರಡು ದಿನ ಓಡಿಸಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿ ಸದ್ದು ನಿಂತ ಮೇಲೆ ಹೊರಡಿ, ಮೊದಲ ನಾಲ್ಕೈದು ಕಿಲೋಮೀಟರ್ 2000 ಆರ್‌ಪಿಎಂ ದಾಟಿಸಬೇಡಿ. ದಾರಿಯಲ್ಲಿ ಆಯಿಲ್ ಲ್ಯಾಂಪ್ ಒಂದು ಕ್ಷಣ ಮಿನುಗಿದರೂ, ಅಥವಾ ಟಕಟಕ ಹೋಗಿ ಕೆಳಗಿನಿಂದ ದಪ್ಪನೆ ಗುದ್ದೋ ಸದ್ದು ಬಂದರೂ ಅಲ್ಲೇ ಆಫ್ ಮಾಡಿ ಎಳೆಸಿಕೊಂಡು ಬನ್ನಿ. ಹತ್ತಿರದ ಬಂಕ್‌ವರೆಗೆ ಹೋಗೋಣ ಅನ್ನಬೇಡಿ.